ಗದ್ದದ ಮೇಲಿನ ಮೂರು ಚುಕ್ಕೆ

"ತಮ್ಮಾ, ಈ ಅಮ್ಮ ಯಾರು?"

ಮಂಗಳವಾರ ಸಂಜೆ ನಮ್ಮ ಸ್ಟುಡಿಯೋದ ಕೌಂಟರಿನ ಮುಂದೆ ನಿಂತು ಅಜ್ಜ ಕೇಳಿದ ಈ ಮಾತು ಇವತ್ತು ಶನಿವಾರವಾದರೂ ಕಿವಿ ಬಿಟ್ಟು ಹೋಗಿಲ್ಲ. ಸಿಟ್ಟಿನಿಂದ ಕೇಳಿದ್ದರೆ ಏನಾದರೂ ಸಮಾಧಾನ ಹೇಳಬಹುದಿತ್ತು. ಅವರಿಗೆ ಸಿಟ್ಟೇ ಇರಲಿಲ್ಲ. ಬೇರೆ ಯಾರದೋ ಮನೆಯ ಫೋಟೊ ತಪ್ಪಿ ತಮ್ಮ ಕೈಗೆ ಬಂದಿದೆ ಎಂದೇ ತಿಳಿದು, ಅದರ ಮೇಲೆ ಬೆರಳಚ್ಚು ಬೀಳದಂತೆ ಅಂಚು ಹಿಡಿದು ನನ್ನ ಕಡೆಗೆ ಸರಿಸಿದರು. ಆಮೇಲೆ ತಮ್ಮದನ್ನು ಇಸಿದುಕೊಳ್ಳಲು ಕೈ ಚಾಚಿ ನಿಂತರು.

ಅದು ಅವರ ಹೆಂಡತಿಯದೇ ಫೋಟೊ.

ಸೋಮವಾರ ಅದನ್ನು ಮಾಡಿಸಲು ಬಂದಿದ್ದವರು ದೊಡ್ಡ ಮಗ ಮತ್ತು ಎಂಜಿನಿಯರಿಂಗ್ ಓದುವ ಮೊಮ್ಮಗ. ಶುಕ್ರವಾರ ತೀರಿಕೊಂಡ ಅಜ್ಜಿಯ ಶಿವಗಣಾರಾಧನೆ, ಅಷ್ಟರೊಳಗೆ 12×18 ಇಂಚು ಅಳತೆಯಲ್ಲಿ ಕಟ್ಟು ಹಾಕಿಸಿ ಕೊಡಬೇಕು ಎಂದರು. ಇದ್ದದ್ದು ಒಂದೇ ಫೋಟೊ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗ ತೆಗೆದದ್ದು. 1933ರ ನಂತರ ಮೊದಲ ಸಲ ಕೋಡಿ ಹರಿದದ್ದು ಅದು. ಎಂಬತ್ತೊಂಬತ್ತು ವರ್ಷ ಕಾದ ನೀರನ್ನು ನೋಡಲು ನಮ್ಮ ಜಿಲ್ಲೆಗೆ ಜಿಲ್ಲೆಯೇ ಮಾರಿಕಣಿವೆಗೆ ನುಗ್ಗಿತ್ತು. ಆ ಜನಸಾಗರದ ನಡುವೆ, ಹಸಿರು ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾರೆ ಅಜ್ಜಿ. ಬಾಯಿ ಮುಚ್ಚಿದೆ, ಆದರೂ ನಗು ಇದೆ.

ಮೊಮ್ಮಗ ತನ್ನ ಮೊಬೈಲಿನಿಂದ ನನ್ನ ಮೊಬೈಲಿಗೆ ಸಂದೇಶದ ಆ್ಯಪ್ ಮೂಲಕ ಕಳಿಸಿದ. ತೆರೆದು ನೋಡಿದೆ: 1600×1200 ಪಿಕ್ಸೆಲ್, ಇನ್ನೂರು ಕೆಬಿಯೂ ಇಲ್ಲ.

"ಮೂಲ ಫೈಲ್ ಇದೆಯೇ?" ಎಂದೆ.

"ಇದೇ ಫೋಟೊ ಸರ್. 48 ಮೆಗಾಪಿಕ್ಸೆಲ್ ಫೋನಿನಲ್ಲಿ ತೆಗೆದದ್ದು" ಎಂದ ಹುಡುಗ. ಮಗ ತಮ್ಮ ಮೊಬೈಲಿನಿಂದ ತಲೆ ಎತ್ತದೆಯೇ, "ಇದರಲ್ಲಿ ಚೆನ್ನಾಗಿಯೇ ಕಾಣುತ್ತಿದೆಯಲ್ಲ, ದೊಡ್ಡದು ಮಾಡಿದರಾಯಿತು. ಅಷ್ಟು ಸೂಕ್ಷ್ಮ ಯಾರು ನೋಡುತ್ತಾರೆ?" ಎಂದರು. ತಾಯಿಯನ್ನು ಕಳೆದುಕೊಂಡ ಮನುಷ್ಯನ ಮಾತನ್ನು ತೂಗಬಾರದು ಎಂದು ಸುಮ್ಮನಾದೆ. ಆದರೆ ಆ ಮಾತು ನನಗೆ ಹಿಡಿಸಲಿಲ್ಲ.

ಮೂವತ್ತು ವರ್ಷಗಳಿಂದ ಕೌಂಟರಿನ ಈಚೆ ನಿಂತಿದ್ದೇನೆ. ರೀಲು ಹೋಗಿ ಮೆಮೊರಿ ಕಾರ್ಡ್ ಬಂದ ಮೇಲೆ ಜನ ಕೇಳುವ ಮೊದಲ ಪ್ರಶ್ನೆ ಮೆಗಾಪಿಕ್ಸೆಲ್ ಎಷ್ಟು ಎಂಬುದೇ. ಹುಡುಗ ಹೇಳಿದ 48 ಸುಳ್ಳಲ್ಲ. ಆದರೆ ಅಂಥ ಬಹುತೇಕ ಫೋನುಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಸೇರಿಸಿ 12 ಮೆಗಾಪಿಕ್ಸೆಲ್ಲಿನ, ಅಂದರೆ 4000×3000ರ ಚಿತ್ರವನ್ನು ಉಳಿಸುತ್ತವೆ. ಅದನ್ನು ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದಾಗ ನನ್ನ ಕೈ ಸೇರಿದ್ದು ಎರಡು ಮೆಗಾಪಿಕ್ಸೆಲ್ಲಿಗೂ ಕಡಿಮೆ. ಆರರಲ್ಲಿ ಐದು ಪಾಲು ದಾರಿಯಲ್ಲೇ ಉದುರಿತ್ತು. ಅಂಗೈಯಗಲದ ಪರದೆಯಲ್ಲಿ ಆ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಗದದ ಮೇಲೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಹಾಕಿದರೆ ಆ ಇಡೀ ಚಿತ್ರ ಐದೂಕಾಲು ಇಂಚು ಅಗಲ, ನಾಲ್ಕು ಇಂಚು ಎತ್ತರಕ್ಕೆ ಮುಗಿದುಹೋಗುತ್ತದೆ. ಅವರಿಗೆ ಬೇಕಾದದ್ದು ಇಡೀ ಚಿತ್ರವೂ ಅಲ್ಲ, ಜನರನ್ನೆಲ್ಲ ಬಿಟ್ಟು ಅಜ್ಜಿಯೊಬ್ಬರೇ. ಅಷ್ಟನ್ನು ಕತ್ತರಿಸಿ 12×18ಕ್ಕೆ ಎಳೆದರೆ ಇಂಚಿಗೆ ಮೂವತ್ತಮೂರು ಪಿಕ್ಸೆಲ್.

ಇದನ್ನೆಲ್ಲ ಅವರಿಗೆ ಹೇಳಿದೆ. ಮಗ ಗಡಿಯಾರ ನೋಡಿದರು.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ನಮ್ಮಲ್ಲಿ ಕೆಲಸ ಮಾಡುವ ಹುಡುಗ, ಮಸುಕು ಮುಖವನ್ನು ಸ್ಪಷ್ಟಗೊಳಿಸುವ ಹೊಸ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡಿದ್ದಾನೆ. ಚುರುಕಿನ ಹುಡುಗ, ಕೆಲಸದಲ್ಲಿ ಶ್ರದ್ಧೆ ಇದೆ, ಅವನ ಮೇಲೆ ನನಗೆ ದೂರಿಲ್ಲ. "ಒಂದು ನಿಮಿಷ ಕೊಡಿ ಅಣ್ಣಾ" ಎಂದ. ಒಂದು ನಿಮಿಷದಲ್ಲಿ ಕಣ್ಣಿನ ರೆಪ್ಪೆಗಳು ಒಂದೊಂದಾಗಿ ಎದ್ದು ಬಂದವು, ತುಟಿಯ ಗೆರೆ ಕೊರೆದಂತೆ ಮೂಡಿತು, ಕೆನ್ನೆ ತಿಳಿಯಾಯಿತು. ಮಗ ಮೊದಲ ಸಲ ಮೊಬೈಲನ್ನು ಜೇಬಿಗಿಟ್ಟು "ನೋಡಿ, ಆಗುತ್ತದಲ್ಲ!" ಎಂದರು. ನನಗೂ ಒಳ್ಳೆಯದೇ ಆಯಿತು ಅನ್ನಿಸಿತು. ನಾನು ಅಜ್ಜಿಯನ್ನು ಜೀವಂತವಾಗಿ ಕಂಡವನಲ್ಲ. ಕಂಡಿದ್ದ ಇಬ್ಬರು ಎದುರಿಗೇ ನಿಂತು ಒಪ್ಪಿದರು. ಪ್ರಿಂಟ್ ಹಾಕಿಸಿದೆ.

ಮರುದಿನ ಒಯ್ಯಲು ಬಂದವರು ಅಜ್ಜ.

"ತಮ್ಮಾ, ಈ ಅಮ್ಮ ಯಾರು?"

ಇದು ನಿಮ್ಮ ಮನೆಯವರದೇ ಅಲ್ಲವೇ ಅಜ್ಜಾ ಎಂದೆ. ಅವರು ಮತ್ತೆ ಬಗ್ಗಿ ನೋಡಿದರು. ಸೀರೆ ನೋಡಿದರು, ಹಿಂದಿನ ನೀರು ನೋಡಿದರು. "ಸೀರೆ ಅವಳದ್ದೇ" ಎಂದರು. ಆಮೇಲೆ ತಮ್ಮ ಗದ್ದಕ್ಕೆ ಬೆರಳಿಟ್ಟು, "ಇಲ್ಲಿ ಹಚ್ಚೆ ಇತ್ತು. ಮೂರು ಚುಕ್ಕೆ. ಈ ಅಮ್ಮನಿಗೆ ಇಲ್ಲ" ಎಂದರು.

ಮೊಬೈಲಿಗೆ ಬಂದಿದ್ದ ಚಿತ್ರವನ್ನು ತೆರೆದು ಹಿಗ್ಗಿಸಿ ನೋಡಿದೆ. ಅಜ್ಜಿಯ ಮುಖದ ಅಗಲ ನೂರು ಪಿಕ್ಸೆಲ್, ಎತ್ತರ ಸುಮಾರು ನೂರಮೂವತ್ತು. ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದ ಇಡೀ ಚಿತ್ರಕ್ಕೆ ಇದ್ದದ್ದು ಹತ್ತು ಸಾವಿರ ಪಿಕ್ಸೆಲ್. ಐವತ್ತು ವರ್ಷದ ಎಲ್ಲ ಸುಧಾರಣೆಯ ನಂತರ ಹಿರಿಯೂರು ಸೀಮೆಯ ಒಬ್ಬ ಹೆಣ್ಣುಮಗಳ ಮುಖಕ್ಕೆ ದಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಜೋಳದ ಕಾಳಿಗಿಂತ ಚಿಕ್ಕದಾದ ಒಂದೊಂದು ಹಚ್ಚೆಗೆ ಅದರಲ್ಲಿ ಬಂದದ್ದು ಎರಡು ಪಿಕ್ಸೆಲ್ ಅಗಲ.

ಆ ಎರಡೂ ಉಳಿದಿರಲಿಲ್ಲ. ಫೋಟೊವನ್ನು ಕುಗ್ಗಿಸಿ ಉಳಿಸುವ ಜೆಪೆಗ್ ಫೈಲ್ ಚಿತ್ರವನ್ನು ಎಂಟು ಪಿಕ್ಸೆಲ್ ಉದ್ದಗಲದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಕಣ್ಣಿಗೆ ಅಷ್ಟಾಗಿ ತಿಳಿಯದ ಸಣ್ಣ ಏರಿಳಿತಗಳನ್ನು ಕೈಬಿಡುತ್ತದೆ. ಬೆಳಕು ನೆರಳನ್ನು ಒಂದಿಷ್ಟು ಜೋಪಾನ ಮಾಡುತ್ತದೆ, ಬಣ್ಣವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಬರೆದಿಡುತ್ತದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿದಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲ ಎಂಬ ಲೆಕ್ಕ ಅದು. ಬೆಟ್ಟ, ಆಕಾಶ, ಕೋಟೆಯ ಗೋಡೆಗೆಲ್ಲ ಈ ಲೆಕ್ಕ ಸರಿ. ಗೋಧಿ ಬಣ್ಣದ ಗದ್ದದ ಮೇಲಿನ ಹಸಿರು ಚುಕ್ಕೆಗೆ ಇದರಷ್ಟು ಅನ್ಯಾಯ ಮತ್ತೊಂದಿಲ್ಲ. ಹಸಿರು ಸುತ್ತಲಿನ ಚರ್ಮದಲ್ಲಿ ಕಲಸಿಹೋಗಿ ಅಲ್ಲೊಂದು ಮಬ್ಬು ಮಾತ್ರ ಉಳಿದಿತ್ತು. ಸಾಫ್ಟ್‌ವೇರ್ ಆ ಮಬ್ಬನ್ನು ಕೊಳೆ ಎಂದು ತಿಳಿದು ಒರೆಸಿ ಹಾಕಿತು. ಉಳಿದ ಮುಖವನ್ನು ಅದು ಕಲಿತ ಲಕ್ಷಾಂತರ ಬೇರೆ ಮುಖಗಳಿಂದ ತಂದು ತುಂಬಿತು. ಆ ರೆಪ್ಪೆ ಯಾರದೋ, ಆ ತುಟಿ ಯಾರದೋ. ಅಜ್ಜ ಕೇಳಿದ್ದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಆ ಅಮ್ಮ ಯಾರು ಎಂದು ನನಗೂ ಗೊತ್ತಿಲ್ಲ.

ಒಳ್ಳೆಯ ಕ್ಯಾಮೆರಾ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಮ್ಮ ಹುಡುಗ ಆಮೇಲೆ ಹೇಳಿದ. ನಾನು ಒಪ್ಪಲಿಲ್ಲ. ಲಕ್ಷಗಟ್ಟಲೆ ಕೊಟ್ಟು ಕ್ಯಾಮೆರಾ ಕೊಂಡು, ಅದರ ಜೊತೆ ಬಂದ 18-55 ಜೂಮ್ ಲೆನ್ಸಿನಲ್ಲೇ ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ ಒದ್ದಾಡಿ, ಮುಖವೆಲ್ಲ ಕಾಳುಕಾಳಾಗಿದೆ ಎಂದು ಕ್ಯಾಮೆರಾವನ್ನು ಬೈಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ನಾನು ಹೇಳುವುದು ಒಂದೇ: ಕಡಿಮೆ ಬೆಲೆಯ ಕ್ಯಾಮೆರಾ ಇಟ್ಟುಕೊಳ್ಳಿ, 50 ಎಂಎಂ ಎಫ್ 1.8 ಲೆನ್ಸ್ ಕೊಳ್ಳಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ ದೊಡ್ಡದು. ಆ ಜೂಮ್ ತುದಿಯ ಎಫ್ 5.6ಕ್ಕೆ ಹೋಲಿಸಿದರೆ ಅದು ಒಳಗೆ ಬಿಡುವ ಬೆಳಕು ಒಂಬತ್ತು ಪಟ್ಟಿಗಿಂತ ಹೆಚ್ಚು. ಕ್ಯಾಮೆರಾ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲ್ ಯಾಕೆ ಬೇಕು ಎಂದು ಕೇಳುವವರಿಗೂ ಉತ್ತರವಿದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್‌ನ ರಾ ಫೈಲಿನಲ್ಲಿ 16,384. ಕತ್ತಲೆಯಲ್ಲಿ ಮುಳುಗಿದ ಮುಖವನ್ನು ಮೇಲೆತ್ತಲು ಆ ಮೆಟ್ಟಿಲುಗಳೇ ಬೇಕು. ಆದರೆ ಈ ಯಾವ ಉತ್ತರವೂ ಅಜ್ಜನ ಪ್ರಶ್ನೆಗೆ ಉತ್ತರವಲ್ಲ. ಫೋನಿನ ಕ್ಯಾಮೆರಾ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ತೆಗೆದದ್ದನ್ನು ನಾವು ಉಳಿಸಿಕೊಳ್ಳಲಿಲ್ಲ.

ನಾನು ತಪ್ಪು ಒಪ್ಪಿಕೊಂಡೆ. ಪ್ರಿಂಟನ್ನು ಅವರ ಕಣ್ಣೆದುರಿಗೆ ಇಡುವುದು ಸರಿಯಲ್ಲ ಎನ್ನಿಸಿ ಕೌಂಟರಿನ ಕೆಳಗೆ ಇಟ್ಟೆ. "ಅಜ್ಜಾ, ಇದು ನಕಲಿನ ನಕಲು. ಮೊದಲು ತೆಗೆದ ಫೋನಿನಲ್ಲಿ ಇರುವುದು ಸಿಕ್ಕರೆ ನೋಡಬಹುದು" ಎಂದೆ.

ಅಜ್ಜ ಕೇಳಿದರು: "ನೆಗೆಟಿವ್ ಬೇಕು ಅನ್ನು."

ಇಡೀ ವಾರದಲ್ಲಿ ನನ್ನ ಮಾತು ಅರ್ಥ ಮಾಡಿಕೊಂಡವರು ಅವರೊಬ್ಬರೇ. ಎರಡು ದಿನದಿಂದ ಪಿಕ್ಸೆಲ್ಲು, ಕೆಬಿ ಎಂದು ಮಗನಿಗೂ ಮೊಮ್ಮಗನಿಗೂ ನಾನು ಹೇಳಿದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ನಮ್ಮ ತಂದೆಯ ಕಾಲದಲ್ಲಿ ನೆಗೆಟಿವ್‌ಗಳನ್ನು ಕಾಗದದ ಲಕೋಟೆಯಲ್ಲಿಟ್ಟು, ಹೆಸರು ತಾರೀಖು ಬರೆದು, ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸುತ್ತಿದ್ದರು. ಪ್ರಿಂಟ್ ಹಾಳಾದರೆ ಜನ ಅಳುತ್ತಿರಲಿಲ್ಲ, ನೆಗೆಟಿವ್ ಇದೆಯಲ್ಲ ಎನ್ನುತ್ತಿದ್ದರು. ಇಂದು ಪ್ರತಿ ಜೇಬಿನಲ್ಲೂ ಸಾವಿರಾರು ಫೋಟೊ ಇವೆ. ನೆಗೆಟಿವ್ ಯಾವುದು ಎಂದು ಕೇಳಿದರೆ ತೋರಿಸಬಲ್ಲವರು ನನ್ನ ಕೌಂಟರಿಗೆ ಅಪರೂಪಕ್ಕೆ ಬರುತ್ತಾರೆ. ಫೋನು ಬದಲಿಸುವಾಗ ಹಳೆಯದರಲ್ಲಿ ಇದ್ದದ್ದೆಲ್ಲ ಆ್ಯಪ್‌ನಲ್ಲಿ ಇದೆಯಲ್ಲ ಎಂದುಕೊಂಡು ಅಂಗಡಿಗೆ ಕೊಟ್ಟುಬಿಡುತ್ತಾರೆ. ಮದುವೆಗಿಂತ ಹೆಚ್ಚಾಗಿ ಸಾವಿನ ಮನೆಯಿಂದ ಬಂದವರಿಗೇ ನಾನು ಈ ಪ್ರಶ್ನೆ ಕೇಳಬೇಕಾಗುತ್ತದೆ ಎಂಬುದು ಈ ವೃತ್ತಿಯಲ್ಲಿ ನನ್ನನ್ನು ಅತಿ ಹೆಚ್ಚು ನೋಯಿಸುವ ಸಂಗತಿ. ಆ ಹೊತ್ತಿಗೆ ಹೊಸದಾಗಿ ತೆಗೆಯಲು ಮನುಷ್ಯರೇ ಇರುವುದಿಲ್ಲ.

ಫೋಟೊ ತೆಗೆದವಳು ಮೊಮ್ಮಗಳು. ಅವಳನ್ನು ಹೊಳಲ್ಕೆರೆ ಕಡೆಗೆ ಕೊಟ್ಟಿದೆ. ಮೊಮ್ಮಗ ಎರಡು ದಿನದಿಂದ ಅವಳಿಗೆ ಒಂದು ಕರೆ ಮಾಡಿರಲಿಲ್ಲ. ಅಜ್ಜ ನನ್ನ ಮೊಬೈಲಿನಿಂದಲೇ ಮಾಡಿಸಿದರು. ಆ ಫೋನು ಪರದೆ ಒಡೆದು ಈಗ ಅವಳ ಮಗುವಿನ ಆಟಿಕೆಯಾಗಿದೆಯಂತೆ. ಚಾರ್ಜ್ ನಿಲ್ಲುವುದಿಲ್ಲ. ಅದರಿಂದ ಏನನ್ನೂ ಕಳಿಸಬೇಡಮ್ಮಾ, ಫೋನನ್ನೇ ತೆಗೆದುಕೊಂಡು ಬಾ ಎಂದೆ. ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ತಂತಿ ಹಾಕಿ ಕಂಪ್ಯೂಟರಿಗೆ ಜೋಡಿಸಿದೆವು. ಮಗುವೇ ತೆಗೆದಿದ್ದ ನೆಲದ, ಸೂರಿನ, ತನ್ನ ಮೂಗಿನ ನೂರಾರು ಚಿತ್ರಗಳ ಕೆಳಗೆ ಅದು ಇತ್ತು. 4000×3000. ನಾಲ್ಕು ಎಂಬಿಗೂ ಮೇಲೆ. ತೆಗೆದ ದಿನ, ಗಂಟೆ, ನಿಮಿಷ ಎಲ್ಲ ಫೈಲಿನೊಳಗೆ ಹಾಗೆಯೇ ಉಳಿದಿತ್ತು.

ಹಿಗ್ಗಿಸುವ ಮೊದಲು ನಾನು ಸ್ವಲ್ಪ ಹೊತ್ತು ಮೌಸ್ ಮೇಲೆ ಕೈ ಇಟ್ಟು ಕುಳಿತೆ. ಇಲ್ಲದಿದ್ದರೆ ಅಜ್ಜನಿಗೆ ಏನು ಹೇಳಲಿ ಎಂಬ ಭಯ. ಮುಖ 250 ಪಿಕ್ಸೆಲ್ ಅಗಲಕ್ಕೆ ಬಂತು. ಗದ್ದದ ಮೇಲೆ ಐದೈದು ಪಿಕ್ಸೆಲ್ಲಿನ ಹಸಿರು ಇತ್ತು.

12×18ಕ್ಕೆ ಅದೂ ಸಾಲದು. ಇಂಚಿಗೆ ಎಂಬತ್ತಮೂರಕ್ಕೆ ಇಳಿಯುತ್ತದೆ, ಹತ್ತಿರದಿಂದ ನೋಡಿದರೆ ಮುಖ ಒಡೆಯುತ್ತದೆ. 8×12ರಲ್ಲಿ ಇಂಚಿಗೆ 125 ಸಿಗುತ್ತದೆ, ಗೋಡೆಯ ಮೇಲೆ ತೂಗುವ ಚಿತ್ರಕ್ಕೆ ಸಾಕು. ಚಿತ್ರವನ್ನು 8×12ಕ್ಕೆ ಹಾಕಿಸಿ, ಸುತ್ತ ಅಗಲವಾದ ಬಿಳಿ ಅಂಚು ಬಿಟ್ಟು, ಅವರು ಹೇಳಿದ ದೊಡ್ಡ ಕಟ್ಟಿನಲ್ಲೇ ಕೂರಿಸಿದೆ. ಸುಕ್ಕು ತೆಗೆಯಲಿಲ್ಲ, ಬಿಸಿಲಿಗೆ ಕಿರಿದಾದ ಕಣ್ಣನ್ನು ಮುಟ್ಟಲಿಲ್ಲ. ನಮ್ಮ ಹುಡುಗ ಪಕ್ಕದಲ್ಲೇ ನಿಂತು ನೋಡಿದ, ಏನೂ ಹೇಳಲಿಲ್ಲ. ಮಧ್ಯಾಹ್ನ ಅವನೇ ಮನೆಗೆ ಹೋಗಿ ತನ್ನ ಅವ್ವನ ಹಳೆಯ ಫೋನನ್ನು ತಂದು ಅದರಲ್ಲಿದ್ದದ್ದನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡ.

ಗುರುವಾರ ಸಂಜೆ ಅಜ್ಜ ಬಂದರು. ಕಟ್ಟನ್ನು ಕೌಂಟರಿನ ಮೇಲೆ ನಿಲ್ಲಿಸಿದೆ. ಅವರು ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಂಡು, ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು. ತುಂಬಾ ಹೊತ್ತು ಮಾತಿಲ್ಲ. ನನಗೆ ಮಂಗಳವಾರದ ಪ್ರಶ್ನೆಯೇ ಮತ್ತೆ ಕೇಳಿಸಿದಂತಾಗಿ ಎದೆ ಹೊಡೆದುಕೊಳ್ಳುತ್ತಿತ್ತು.

"ಮೂರನೆಯದು ಆಚೆಗಿದೆ ನೋಡು" ಎಂದರು ಕೊನೆಗೆ.

ನಾನು ನೋಡಿದೆ. ಎರಡು ಚುಕ್ಕೆ ನೇರವಾಗಿದ್ದವು, ಮೂರನೆಯದು ಸ್ವಲ್ಪ ಬಲಕ್ಕೆ ಜರುಗಿತ್ತು.

"ಸಣ್ಣವಳಿದ್ದಾಗ ಹಾಕಿಸಿದ್ದಂತೆ. ಎರಡು ಚುಚ್ಚುವವರೆಗೆ ಸುಮ್ಮನೆ ಕೂತಿದ್ದಳಂತೆ, ಮೂರನೆಯದಕ್ಕೆ ಕೊಸರಿಕೊಂಡು ಎದ್ದುಬಿಟ್ಟಳಂತೆ. ಅವಳ ಅವ್ವ ಹೇಳುತ್ತಿದ್ದಳು." ಅಜ್ಜ ಗಾಜಿನ ಮೇಲೆ ಬೆರಳು ಆಡಿಸದೆ, ಗಾಳಿಯಲ್ಲೇ ಮೂರು ಸಲ ತೋರಿಸಿದರು. ಆಮೇಲೆ ಎಷ್ಟಾಯಿತು ಎಂದು ಕೇಳಿ, ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಎಣಿಸತೊಡಗಿದರು.