ಹೊಳೆ ದಂಡೆಯವಳಿಗೆ ಈಜು ಬರಲ್ವಾ?

ಬರ್ತಿರಲಿಲ್ಲ. 41ನೇ ವಯಸ್ಸಿಗೆ ಕಲಿತೆ. ಅದೂ ಶಿವಮೊಗ್ಗದ ಈಜುಕೊಳದಲ್ಲಿ, ದುಡ್ಡು ಕೊಟ್ಟು. ಆಯ್ತಾ?

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ಟ್ರಯಥ್ಲಾನ್ ಸ್ಪರ್ಧೆಗೆ ತಯಾರಿ ಮಾಡ್ತಿದೀನಿ ಅಂತ ಬಾಯಿ ತಪ್ಪಿ ಹೇಳಿದ ದಿನದಿಂದ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ. "ತೀರ್ಥಹಳ್ಳಿ ಕಡೆಯವರು, ತುಂಗೆ ಪಕ್ಕ ಹುಟ್ಟಿದವರು, ಈಜು ಈಗ ಕಲೀತಿದೀರಾ?" ಶಿವಮೊಗ್ಗದಿಂದ ಮಂಡಗದ್ದೆವರೆಗೆ ಸುಮಾರು 30 ಕಿಲೋಮೀಟರ್ ಸೈಕಲ್ ತುಳಿದು, ಅಷ್ಟೇ ದೂರ ವಾಪಸ್ ಬರ್ತೀನಿ. ಅದರ ಬಗ್ಗೆ ಯಾರಿಗೂ ಏನೂ ಅನ್ನಿಸಲ್ಲ. ಹೊಳೆ ನೀರು ಕುಡಿದವರಿಗೆಲ್ಲ ಈಜು ತಾನಾಗೇ ಬರೋದಾದರೆ, ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರೆಲ್ಲ ಮರ ಹತ್ತಿ ಕೊನೆ ತೆಗೀಬೇಕಿತ್ತು. ಕೇಳುವವರ ಹೊಟ್ಟೆ ನೋಡಿದರೆ ಹಾಗೆ ಕಾಣಲ್ಲ.

ಹೋದ ವೈಶಾಖದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ದೂರದ ಸಂಬಂಧದ ಮಾವ ಕೂತಿದ್ದರು. ಎಷ್ಟು ದೂರ ಈಜಬೇಕು ಅಂತ ಕೇಳಿದರು. ನಾನು ಸೇರುವುದು ಚಿಕ್ಕದು, 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ, ಒಲಿಂಪಿಕ್ಸ್‌ನಲ್ಲಿ ಇದರ ಎರಡರಷ್ಟು ಅಂದೆ. "ಅಷ್ಟಕ್ಕೆ ಕ್ಲಾಸು ಬೇಕಾ ಮಾರಾಯ್ತಿ? ನಮ್ಮಪ್ಪ ನನ್ನನ್ನ ಬಾವಿಗೆ ಎಸೆದರು, ಮೇಲೆ ಬರೋ ಹೊತ್ತಿಗೆ ಈಜು ಬಂದಿತ್ತು!" ಸುತ್ತಲಿದ್ದವರೆಲ್ಲ ನಕ್ಕರು.

"ನೀವು ನಿಮ್ಮ ಮಗಳನ್ನ ಎಸೆದ್ರಾ ಮಾವ?"

ಮಾವ ತಿರುಗಿ ಪಾಯಸದವನನ್ನು ಕರೆದರು.

ನಮ್ಮ ಮನೆಯಲ್ಲೂ ಅಷ್ಟೇ. ಬೇಸಿಗೆ ರಜೆಯಲ್ಲಿ ಅಣ್ಣಂದಿರಿಬ್ಬರೂ ಬಾಳೆದಿಂಡು ತಬ್ಬಿಕೊಂಡು ಹೊಳೆಗೆ ಬಿದ್ದು ಕಲಿತರು. ನಾನು ಬಂಡೆ ಮೇಲೆ ಅವರ ಬಟ್ಟೆ ಕಾಯ್ತಾ ಕೂತಿದ್ದೆ. ದೊಡ್ಡವಳಾದ ಮೇಲೆ ಅದೂ ನಿಂತಿತು. ಮಳೆಗಾಲದಲ್ಲಿ ಕಲ್ಲೆಲ್ಲ ಪಾಚಿಗಟ್ಟಿ ಜಾರುವಾಗ ಬಟ್ಟೆ ಗಂಟು ಹೊತ್ತು ಹೊಳೆಗೆ ಇಳಿಯುತ್ತಿದ್ದವರು ಹೆಂಗಸರು, ಈಜು ಕಲಿತವರು ಗಂಡಸರು. "ಯಾಕೆ ಬರಲ್ಲ" ಅಂತ ನನ್ನನ್ನ ಕೇಳ್ತೀರಲ್ಲ, "ಯಾಕೆ ಕಲಿಸಲಿಲ್ಲ" ಅಂತ ಅಲ್ಲಿ ಯಾರನ್ನಾದರೂ ಕೇಳಿದ್ರಾ?

ಇರಲಿ. ಈಜಿನ ಕಥೆಗೆ ಬರ್ತೀನಿ.

ನಿಲ್ಲದೆ 10 ಕಿಲೋಮೀಟರ್ ಓಡುವವಳು ನಾನು. ಮೊದಲ ತಿಂಗಳು ಕೊಳದ 25 ಮೀಟರ್ ದಾಟಲಾಗದೆ ಅರ್ಧದಲ್ಲಿ ಕಂಬಿ ಹಿಡಿದು ಏದುಸಿರು ಬಿಡ್ತಿದ್ದೆ. ಪಕ್ಕದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಕಪ್ಪೆಮರಿಯ ಹಾಗೆ ಹೋಗಿ ಬಂದು, "ಆಂಟಿ, ಸುಸ್ತಾಯ್ತಾ?" ಅಂತಿದ್ದಳು. ಕಲಿಸುವ ಹುಡುಗ ಒಂದೇ ಮಾತು ಹೇಳ್ತಿದ್ದ: "ಅಕ್ಕಾ, ತಗೊಳೋದು ಆಮೇಲೆ, ಮೊದಲು ಉಸಿರು ಬಿಡಿ." ನಾನು ಮುಖ ಮುಳುಗಿಸಿದ ಕೂಡಲೇ ಉಸಿರು ಬಿಗಿಹಿಡೀತಿದ್ದೆ. ಎದೆ ಒಡೆದೇ ಹೋಗತ್ತೆ ಅನ್ನಿಸೋದು ಹೆಚ್ಚಾಗಿ ಆಮ್ಲಜನಕ ಮುಗಿದು ಅಲ್ಲ, ಹೊರಗೆ ಹೋಗದ ಇಂಗಾಲದ ಡೈಆಕ್ಸೈಡ್ ಒಳಗೇ ಸೇರಿಕೊಂಡು. ಆ ಗಾಬರಿಗೆ ತಲೆ ಎತ್ತಿದರೆ ಕಾಲು ಮುಳುಗತ್ತೆ, ಕಾಲು ಮುಳುಗಿದರೆ ಇನ್ನಷ್ಟು ಗಾಬರಿ. ನೀರೊಳಗೆ ಗುಳುಗುಳು ಅಂತ ಮೂಗಲ್ಲಿ ಗುಳ್ಳೆ ಬಿಡೋದಕ್ಕೇ ನನಗೆ ಮೂರು ವಾರ ಹಿಡೀತು. ಈಗ 30 ಸಲ ಈ ತುದಿಯಿಂದ ಆ ತುದಿಗೆ ಈಜ್ತೀನಿ, ಅಂದರೆ ಲೆಕ್ಕದ 750. ನಿಧಾನ ಅಂತೀರಾ? ಹೌದು, ನಿಧಾನ.

ಇಷ್ಟು ಜನರಲ್ಲಿ ಬೇರೆ ಪ್ರಶ್ನೆ ಕೇಳಿದ್ದು ಅಮ್ಮ ಒಬ್ಬಳೇ. ಅವಳಿಗೆ 72. ಅರ್ಧ ಆಯಸ್ಸು ಆ ಹೊಳೆಯಲ್ಲಿ ಮೊಣಕಾಲವರೆಗೆ ನಿಂತು ಬಟ್ಟೆ ಒಗೆದವಳು, ಅದಕ್ಕಿಂತ ಆಳಕ್ಕೆ ಹೋದವಳಲ್ಲ. ಹಿತ್ತಿಲಲ್ಲಿ ಹಲಸಿನಕಾಯಿ ಹೆಚ್ಚುತ್ತಾ, ಕೈಯ ಅಂಟಿಗೆ ಎಣ್ಣೆ ಸವರಿಕೊಳ್ಳುತ್ತಾ ಕೇಳಿದಳು:

"ಒಳಗೆ ಕಣ್ಣು ಬಿಟ್ರೆ ಎಂತ ಕಾಣತ್ತೇ?"

ಕಣ್ಣಿಗೆ ಕನ್ನಡಕದಂಥದು ಹಾಕ್ತಾರಮ್ಮ, ತಳದಲ್ಲಿ ಉದ್ದಕ್ಕೂ ಒಂದು ಕಪ್ಪು ಗೆರೆ ಇರತ್ತೆ, ಅದನ್ನೇ ನೋಡ್ತಾ ಹೋಗೋದು, ಗೆರೆ ಪಕ್ಕ ಯಾರದೋ ಹಣೆಯ ಬಿಂದಿ ಅಂಟಿಕೊಂಡಿದೆ, ವಾರದಿಂದ ಅಲ್ಲೇ ಇದೆ ಅಂದೆ.

"ಹೊಳೇಲಿ?"

"ಹೊಳೇಲಿ ಇನ್ನೂ ನೋಡಿಲ್ಲ."

"ನೋಡಿದ್ರೆ ಹೇಳು," ಅಂದಳು. "ನೀ ಹುಟ್ಟೋ ಮುಂಚೆ ನನ್ನ ಒಂದು ಕಾಲುಂಗುರ ಆ ದೊಡ್ಡ ಬಂಡೆ ಸಂದೀಲಿ ಬಿದ್ದಿದ್ದು."