ಒಂದೇ ದೇಹ, ಒಂದೇ ಶೇಕಡಾ ಬರಬೇಕು

ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ಅಂಗವಿಕಲರ ತಪಾಸಣೆ ಶಿಬಿರಗಳಿಗೆ ಮೊದಲು ಬೇಕಾದದ್ದು ಅಂಗವೈಕಲ್ಯ ಶೇಕಡಾ ಎಷ್ಟೆಂದು ತೀರ್ಮಾನ ಬರೆಯುವವರಿಗೆ ಒಂದೇ ಬಗೆಯ ತರಬೇತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಒಂದೊಂದಕ್ಕೂ ಅಳೆಯುವ ರೀತಿ ಬೇರೆ.

ಹೆಚ್ಚು ಎಡವುವುದು ಎರಡು ತೊಂದರೆ ಕೂಡಿದಾಗ. ಕಾಲಿಗೆ ಶೇಕಡಾ 60, ಕಣ್ಣಿಗೆ ಶೇಕಡಾ 30 ಇದ್ದರೆ ಕೂಡಿಸಿ 90 ಬರೆಯುವಂತಿಲ್ಲ. ದೊಡ್ಡದನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡದಕ್ಕೆ ಸೇರಿಸಬೇಕು. ಬರುವುದು 70. ಶೇಕಡಾ 75ರ ಗೆರೆ ದಾಟಿದರೆ ಮಾಸಾಶನದ ಮೊತ್ತ ಬದಲಾಗುವುದರಿಂದ ಇದು ಸಣ್ಣ ತಪ್ಪಲ್ಲ. ಕಿವಿಯದೂ ಹಾಗೆಯೇ: ಎರಡರಲ್ಲಿ ಚೆನ್ನಾಗಿ ಕೇಳುವ ಕಿವಿಯ ನಷ್ಟದ ಶೇಕಡಾವನ್ನು 5ರಿಂದ ಗುಣಿಸಿ, ಇನ್ನೊಂದು ಕಿವಿಯದನ್ನು ಸೇರಿಸಿ, 6ರಿಂದ ಭಾಗಿಸಬೇಕು. 50 ಮತ್ತು 80 ಇದ್ದರೆ 55. ಸರಾಸರಿ ತೆಗೆದರೆ 65 ಆಗಿಬಿಡುತ್ತದೆ.

ಭಾಷಣದಿಂದ ಇದು ತಲೆಗೆ ಹತ್ತುವುದಿಲ್ಲ. ಹೆಸರು ಮುಚ್ಚಿದ ಐದಾರು ಹಳೆಯ ಕಡತಗಳನ್ನು ಮೂರೂ ಜಿಲ್ಲೆಯ ವೈದ್ಯರಿಗೆ ಕೊಟ್ಟು, ಒಬ್ಬರನ್ನೊಬ್ಬರು ಕೇಳದೆ ಅಂಕಿ ಬರೆಸಿ, ಆಮೇಲೆ ಪಕ್ಕಪಕ್ಕ ಇಟ್ಟು ನೋಡಬೇಕು. ಎಲ್ಲಿ ಬೇರೆಯಾಯಿತೋ ಅಲ್ಲೇ ಪಾಠ. ವೈದ್ಯರು ಬದಲಾದಾಗಲೆಲ್ಲ ಮತ್ತೆ ಮಾಡಬೇಕು. ನಾಡಕಚೇರಿಯವರನ್ನೂ ಕೂರಿಸಿ, ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಕನ್ನಡದಲ್ಲಿ ಬರೆಯುವುದನ್ನು ಕಲಿಸಬೇಕು. ಕಾರಣ ಗೊತ್ತಿಲ್ಲದವರು ಮೇಲ್ಮನವಿಯಲ್ಲಿ ಏನೆಂದು ಬರೆದಾರು?

ಕುಷ್ಟಗಿಯ ಹಳ್ಳಿಯಿಂದ ಗಾಲಿಕುರ್ಚಿಯಲ್ಲಿ ಬಂದವರನ್ನು ಬರೀ ಲೆಕ್ಕದ ತಪ್ಪಿಗಾಗಿ ಎರಡನೇ ಸಲ ಕರೆಸುವುದು ನನಗಂತೂ ಸಹಿಸಲಾಗದ ಸಂಗತಿ.