ಕುಮಿಕೋಗೆ ಅನ್ಯಾಯವಾಗಲಿಲ್ಲವೇ?

‘ಹಿಬಿಕೆ! ಯುಫೋನಿಯಂ’ ಎಂಬ ಜಪಾನಿನ ಅನಿಮೇಷನ್ ಸರಣಿಯ (ಅನಿಮೆಯ) ಮೂರನೆಯ ಹಾಗೂ ಕೊನೆಯ ಸೀಸನ್ 2024ರ ಜೂನ್‌ನಲ್ಲಿ ಮುಗಿದಂದಿನಿಂದ ಪರಿಚಿತರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಕುಮಿಕೋಗೆ ಅನ್ಯಾಯವಾಗಲಿಲ್ಲವೇ?’ ಇಲ್ಲ, ಆಗಲಿಲ್ಲ. ಬಾಯಲ್ಲಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದಿಡುತ್ತಿದ್ದೇನೆ. ಕಥೆಯ ಅಂತ್ಯ ಮೊದಲೇ ತಿಳಿಯಬಾರದೆನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ನಡೆದದ್ದಿಷ್ಟು. ಕ್ಯೋಟೋ ಬಳಿಯ ಉಜಿ ನಗರದ ಕಿಟಾವುಜಿ ಹೈಸ್ಕೂಲಿನ ಬ್ಯಾಂಡಿಗೆ ಕಥಾನಾಯಕಿ ಕುಮಿಕೋ ಕೊನೆಯ ವರ್ಷದಲ್ಲಿ ಅಧ್ಯಕ್ಷೆಯಾಗಿದ್ದಾಳೆ. ಆ ವರ್ಷವೇ ಬೇರೆ ಶಾಲೆಯಿಂದ ಬಂದು ಸೇರಿದ ಮಾಯು ಕೂಡ ಕುಮಿಕೋಳಂತೆ ಯುಫೋನಿಯಂ ಎಂಬ ಹಿತ್ತಾಳೆಯ ಊದುವಾದ್ಯ ನುಡಿಸುತ್ತಾಳೆ, ಸೊಗಸಾಗಿಯೇ ನುಡಿಸುತ್ತಾಳೆ. ರಾಷ್ಟ್ರಮಟ್ಟದ ಸ್ಪರ್ಧೆಗೆ ಮೊದಲು, ಟ್ರಂಪೆಟ್ ಮತ್ತು ಯುಫೋನಿಯಂ ಎರಡೇ ಸೇರಿ ನುಡಿಸುವ ಭಾಗ ಯಾರಿಗೆ ಸಿಗಬೇಕೆಂದು ನಿರ್ಧರಿಸಲು ಇಬ್ಬರೂ ತೆರೆಯ ಹಿಂದೆ ನುಡಿಸುತ್ತಾರೆ. ಸದಸ್ಯರ ಮತಗಳು ಸಮನಾಗುತ್ತವೆ. ಕೊನೆಯ ನಿರ್ಧಾರ ಟ್ರಂಪೆಟ್ ನುಡಿಸುವ ರೇನಾಳ ಪಾಲಿಗೆ ಬರುತ್ತದೆ. ಕುಮಿಕೋಳ ಆಪ್ತ ಗೆಳತಿಯಾದ ಅವಳು, ಯಾವುದು ಯಾರ ನಾದವೆಂದು ಗುರುತಿಸಿಯೂ, ಮಾಯುವನ್ನು ಆರಿಸುತ್ತಾಳೆ.

ಕಳೆದ ವರ್ಷ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಚಿಕ್ಕಪ್ಪನ ಮಗ, ಎಲೆಗೆ ಪಲ್ಯ ಬೀಳುವ ಮೊದಲೇ, ‘ಅಕ್ಕಾ, ಗೆಳತಿಯೇ ಅವಳ ಬೆನ್ನಿಗೆ ಚೂರಿ ಹಾಕಿದಳಂತಲ್ಲ?’ ಎಂದ. ಎಷ್ಟು ಎಪಿಸೋಡ್ ನೋಡಿದ್ದೀಯ ಎಂದು ಕೇಳಿದರೆ, ಒಂದೂ ಇಲ್ಲ. ಯಾವುದೋ ರೀಲ್ ನೋಡಿದ್ದನಂತೆ. ಸಾರು ಬರುವವರೆಗೂ ವಿವರಿಸಿದೆ. ಪಾಯಸದ ಹೊತ್ತಿಗೆ, ‘ಆದರೂ ಪಾಪ ಅಲ್ವಾ ಅಕ್ಕಾ?’ ಎಂದ. ಪಾಪವೇ, ನಾನೂ ಅತ್ತಿದ್ದೇನೆ. ಆದರೆ ನಮಗೆ ಅಳು ಬಂದ ಮಾತ್ರಕ್ಕೆ ಯಾರೋ ಮೋಸ ಮಾಡಿದ್ದಾರೆಂದು ತೀರ್ಮಾನಿಸಬೇಕಾಗಿಲ್ಲ.

2015ರ ಮೊದಲ ಸೀಸನ್ನನ್ನು ನೆನಪಿಸಿಕೊಳ್ಳಿ. ಕೊನೆಯ ವರ್ಷದ ಕವೋರಿ, ಎಲ್ಲರಿಗೂ ಬೇಕಾದವಳು, ಟ್ರಂಪೆಟ್ಟಿನ ಏಕವಾದನಕ್ಕಾಗಿ ಮೊದಲ ವರ್ಷದ ರೇನಾಳೊಂದಿಗೆ ಎಲ್ಲರೆದುರು ಸ್ಪರ್ಧಿಸಿ ಸೋತಳು. ಅಂದು ರೇನಾಳಿಗಾಗಿ ಎದ್ದು ಚಪ್ಪಾಳೆ ತಟ್ಟಿದವಳು ಇದೇ ಕುಮಿಕೋ. ಹಿರಿತನವಲ್ಲ, ನುಡಿಸುವಿಕೆಯೇ ಮುಖ್ಯ ಎಂಬ ನಿಯಮವನ್ನು ನಾವೆಲ್ಲ ಆಗ ಮೆಚ್ಚಿ ಹೊಗಳಿದೆವು. ಅದೇ ನಿಯಮ ಒಂಬತ್ತು ವರ್ಷಗಳ ಬಳಿಕ ನಮ್ಮ ನಾಯಕಿಯನ್ನೇ ತಟ್ಟಿದಾಗ ಅನ್ಯಾಯವೆಂದು ಕೂಗುವುದು ಯಾವ ನ್ಯಾಯವೋ ನನಗೆ ಅರ್ಥವಾಗದು. ರೇನಾ ಗೆಳತಿಯ ಮುಖ ನೋಡಿ ಮತ ಹಾಕಿದ್ದರೆ ಕವೋರಿಯ ಸೋಲಿಗೂ ಬೆಲೆಯಿರುತ್ತಿರಲಿಲ್ಲ. ಅಯಾನೋ ತಾಕೆದಾ ಅವರ ಮೂಲ ಕಾದಂಬರಿಯಲ್ಲಿ ಆ ಭಾಗ ಕುಮಿಕೋಗೇ ಸಿಗುತ್ತದೆ ಎಂಬ ಆಕ್ಷೇಪವೂ ನನಗೆ ತಿಳಿದದ್ದೇ. ಅನಿಮೆಯನ್ನು ತಯಾರಿಸಿದ ಕ್ಯೋಟೋ ಅನಿಮೇಷನ್‌ನವರು ಅದನ್ನು ಬದಲಿಸಿದ್ದು, ನನ್ನ ದೃಷ್ಟಿಯಲ್ಲಿ, ಮೊದಲ ಸೀಸನ್ನಿನ ಮಾತಿಗೆ ಬದ್ಧರಾಗಿ. ದೂರಲೇಬೇಕೆಂದಿದ್ದರೆ ರಾಷ್ಟ್ರಮಟ್ಟಕ್ಕೆ ಮೊದಲಿನ ಕ್ಯೋಟೋ ಮತ್ತು ಕನ್ಸಾಯಿ ಪ್ರಾಂತ್ಯದ ಹಂತದ ಸ್ಪರ್ಧೆಗಳ ವಾದನವನ್ನು ಪೂರ್ತಿಯಾಗಿ ತೋರಿಸದೆ ಹೋದದ್ದನ್ನು ದೂರಿ, ನಾನೂ ಜೊತೆಗೂಡುತ್ತೇನೆ.

ಮಾಯುವಿನ ಬಗ್ಗೆ ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. ‘ನಾನು ಹಿಂದೆ ಸರಿಯಲೇ?’ ಎಂದು ಅವಳು ಕುಮಿಕೋಳನ್ನು ಮತ್ತೆ ಮತ್ತೆ ಕೇಳುತ್ತಾಳೆ, ಮತ್ತು ಆ ಪ್ರಶ್ನೆಗೆ ಬಹಳಷ್ಟು ನೋಡುಗರು ಸಿಡುಕಿದ್ದಾರೆ. ಹಿಂದೊಮ್ಮೆ ಆಡಿಶನ್ನಿನಲ್ಲಿ ಸೋತ ಅವಳ ಗೆಳತಿ ಸಂಗೀತವನ್ನೇ ಬಿಟ್ಟಿದ್ದಳು. ತಾನು ಚೆನ್ನಾಗಿ ನುಡಿಸಿದರೆ ಇನ್ನೊಬ್ಬರಿಗೆ ನೋವಾಗುತ್ತದೆ ಎಂಬುದು ಅವಳು ಕಂಡುಂಡ ಸತ್ಯ. ಎಲ್ಲರ ಫೋಟೋ ತೆಗೆಯುವ ಅವಳಿಗೆ ತಾನು ಫೋಟೋದಲ್ಲಿರುವುದು ಇಷ್ಟವಿಲ್ಲ. ಅವಳು ಹಿಂದೆ ಸರಿದಿದ್ದರೆ ಕುಮಿಕೋಗೆ ಸಿಗುತ್ತಿದ್ದದ್ದು ಗೆಲುವಲ್ಲ, ಮಾಯು ಕೊಟ್ಟ ದಾನ. ಅದನ್ನು ಕುಮಿಕೋ ನಿರಾಕರಿಸಿದ್ದು ಅಧ್ಯಕ್ಷೆಯ ಕರ್ತವ್ಯದಿಂದ ಮಾತ್ರವೇ, ಅಥವಾ ಮಾಯುವಿನಲ್ಲಿ ಹಳೆಯ ತನ್ನನ್ನೇ ಕಂಡದ್ದರಿಂದಲೇ? ಇದನ್ನು ಯಾರಾದರೂ ಕೇಳಿದರೆ ಪಾಯಸ ಮುಗಿದ ಮೇಲೂ ಕುಳಿತು ಮಾತಾಡುತ್ತೇನೆ. ಅಷ್ಟೇ ಏಕೆ, ಕಿಟಾವುಜಿ ರಾಷ್ಟ್ರಮಟ್ಟದಲ್ಲಿ ಚಿನ್ನ ಗಳಿಸಿದಾಗ ಆ ಭಾಗವನ್ನು ನುಡಿಸಿದ ಮಾಯು ಹೇಗೆ ನುಡಿಸಿದಳೆಂದು ಕೇಳಿದರೂ ಸಾಕು.